ಮೀಸೆಮಾಮನ ಕೈ ಜಾರಿದ್ದು

ಮೂವತ್ತೆರಡು ವರ್ಷದಿಂದ ಕ್ಷೌರದ ಅಂಗಡಿ ನಡೆಸುತ್ತಿದ್ದ ಅವನನ್ನು ಬೀದಿಯ ಚಿಕ್ಕವರು ದೊಡ್ಡವರೆಲ್ಲ ಮೀಸೆಮಾಮ ಎಂದೇ ಕರೆಯುತ್ತಿದ್ದರು. ತಲೆ ನಲವತ್ತಕ್ಕೇ ಬೋಳಾಗಿತ್ತು. ಮೇಲೆ ಕಳೆದದ್ದನ್ನೆಲ್ಲ ಮೂಗಿನ ಕೆಳಗೆ ವಸೂಲು ಮಾಡಿಕೊಂಡವನ ಹಾಗೆ ಮೀಸೆ ಬಿಟ್ಟಿದ್ದ. ಅದು ಎರಡೂ ಕೆನ್ನೆಗೆ ಹಬ್ಬಿ, ತುದಿಯಲ್ಲಿ ಮೇಲಕ್ಕೆ ತಿರುಗಿ, ಮಾತಾಡುವಾಗ ಅವನಿಗಿಂತ ಮೊದಲೇ ಅಲುಗುತ್ತಿತ್ತು.

"ಗಂಡಸು ಹೌದೋ ಅಲ್ವೋ ಅಂತ ತಿಳೀಬೇಕಾದ್ರೆ ಕತ್ತಿನ ಹಿಂದೆ ನೋಡ್ಬೇಕು," ಎಂದು ಗಿರಾಕಿಗಳಿಗೆ ಉಪದೇಶ ಮಾಡುತ್ತಿದ್ದ. "ಅಲ್ಲಿ ಚರ್ಮ ಕಾಣ್ಬೇಕು, ಗಾಳಿ ಆಡ್ಬೇಕು." ಕತ್ತಿನ ಮೇಲೆ ಕತ್ತಿ ಆಡುತ್ತಿರುವಾಗ ಎದುರಾಡುವ ಧೈರ್ಯ ಯಾರಿಗಿದೆ? ಎಲ್ಲರೂ ಹೂಂಗುಟ್ಟುತ್ತಿದ್ದರು.

ಅವನ ಒಬ್ಬಳೇ ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಕೆಲಸಕ್ಕಿದ್ದಳು. ಒಂದು ದಿನ ಅವಳಿದ್ದ ಲಿಫ್ಟು ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ನಿಂತುಬಿಟ್ಟಿತು. ರಿಪೇರಿಗೆ ಬಂದವನು ಮುಕ್ಕಾಲು ಗಂಟೆ ಬಾಗಿಲಾಚೆಯಿಂದ ಮಾತಾಡಿಸುತ್ತಾ ಅವಳ ಹೆದರಿಕೆ ಬಿಡಿಸಿದ, ಆಮೇಲೆ ಅವಳನ್ನು ಹೊರಗೆ ಎಳೆದುಕೊಂಡ. ಆರು ತಿಂಗಳ ಮೇಲೆ ಅವಳು, ಅವನನ್ನೇ ಮದುವೆಯಾಗುತ್ತೇನೆ ಎಂದಳು.

"ಕೆಲಸ ಗೊತ್ತಿರೋ ಹುಡುಗ. ಕರ್ಕೊಂಡ್ ಬಾ," ಎಂದ ಮೀಸೆಮಾಮ.

ಭಾನುವಾರ ಹುಡುಗ ಬಂದ. ಬಾಗಿಲ ತುಂಬ ನಿಲ್ಲುವ ಆಳು, ತೋಳು ಒನಕೆ. ಮೀಸೆಮಾಮನಿಗೆ ಮನಸ್ಸು ತುಂಬಿತು. ಅಷ್ಟರಲ್ಲಿ ಹುಡುಗ ಹೆಲ್ಮೆಟ್ ತೆಗೆದ. ಒಳಗೆ ಸುತ್ತಿಟ್ಟಿದ್ದ ಕೂದಲು ಬಿಚ್ಚಿಕೊಂಡು, ಭುಜ ದಾಟಿ, ಬೆನ್ನು ದಾಟಿ, ಬೆಲ್ಟಿನ ಹತ್ತಿರ ಬಂದು ನಿಂತಿತು.

"ಅಯ್ಯೋ, ಏನ್ ಕೂದಲಪ್ಪಾ ನಿಂದು!" ಮೀಸೆಮಾಮನ ಹೆಂಡತಿ ಕೈಲಿದ್ದ ತಟ್ಟೆ ಕೆಳಗಿಟ್ಟಳು. "ಯಾವ ಎಣ್ಣೆ ಹಚ್ತೀಯಾ?"

"ಸಾದಾ ಕೊಬ್ಬರಿ ಎಣ್ಣೇನೇ ಅಮ್ಮಾ. ಒದ್ದೆ ಇದ್ದಾಗ ಮಾತ್ರ ಬಾಚಲ್ಲ, ಉದುರುತ್ತೆ."

"ಕೇಳಿಸ್ಕೊಂಡ್ಯೇನೇ?" ಎಂದು ಅವಳು ಮಗಳ ಕಡೆ ತಿರುಗಿದಳು. "ನಾನ್ ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ."

ಮೀಸೆಮಾಮ ಗಂಟಲು ಸರಿಮಾಡಿಕೊಂಡ. "ನೋಡಪ್ಪಾ, ಮದುವೆಗೆ ನಂದೇನೂ ಅಡ್ಡಿಯಿಲ್ಲ. ಆದ್ರೆ ಅದು ಹೋಗ್ಬೇಕು. ಕ್ಷೌರದವನ ಅಳಿಯನೇ ಹೀಗೆ ಜಡೆ ಬಿಟ್ಕೊಂಡು ಓಡಾಡಿದ್ರೆ ಊರು ನನ್ನ ನೋಡಿ ನಗಲ್ವಾ? ಗಂಡಸು ಅಂದ್ಮೇಲೆ ಗಂಡಸಿನ ಥರ ಕಾಣ್ಬೇಕು."

ಹುಡುಗ ಸಿಟ್ಟಾಗಲಿಲ್ಲ. "ಕೂದಲಲ್ಲೇ ಗಂಡಸುತನ ಇರೋದಾದ್ರೆ, ಸಾರ್, ನಿಮಗಿಂತ ನಂದೇ ಒಂದ್ ಕೈ ಜಾಸ್ತಿ."

ಮಗಳಿಗೆ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. ಹೆಂಡತಿ ಏನೋ ನೆನಪಾದವಳಂತೆ ಅಡುಗೆಮನೆಗೆ ಓಡಿದಳು. ಒಳಗಿಂದ ನಗುವಿನ ಸದ್ದು ಬಂತು.

"ತಮಾಷೆಗಂದೆ," ಎಂದ ಹುಡುಗ. "ಒಂದ್ ಕೆಲ್ಸ ಮಾಡೋಣ. ನೀವು ಮೀಸೆ ತೆಗೀರಿ. ಅವತ್ತೇ ಬಂದು ನಿಮ್ಮ ಕುರ್ಚೀಲಿ ತಲೆ ಬಗ್ಗಿಸ್ತೀನಿ."

"ಮೀಸೆನಾ! ನನ್ನ ತಲೆ ಹೋದ್ರೂ ಮೀಸೆ ಹೋಗಲ್ಲ!"

ಮಾತು ಅಲ್ಲಿಗೇ ನಿಂತಿತು.

ಮರುದಿನ ಬೆಳಿಗ್ಗೆ ಮೀಸೆಮಾಮ ಅಂಗಡಿಯ ಕದ ಅರ್ಧ ತೆರೆದು, ಕನ್ನಡಿಯೆದುರು ನಿಂತು, ದಿನದ ಪದ್ಧತಿಯಂತೆ ಮೀಸೆಯ ತುದಿಯನ್ನು ಕತ್ತರಿಯಿಂದ ಸವರತೊಡಗಿದ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಬಾಯಿ ಮಾತ್ರ ನಿನ್ನೆ ಹೊಳೆಯದಿದ್ದ ಉತ್ತರಗಳನ್ನು ಈಗ ಹುಡುಗನಿಗೆ ಕೊಡುತ್ತಿತ್ತು. "ಏನಂದೆ? ಒಂದ್ ಕೈ ಜಾಸ್ತೀನಾ? ಕೇಳಿಲ್ಲಿ. ಗಂಡಸು ಅಂದ್ರೆ..." ಎನ್ನುತ್ತಾ, ಒತ್ತಿ ಹೇಳುವ ರಭಸಕ್ಕೆ ಕತ್ತರಿಯನ್ನೂ ಒತ್ತಿಬಿಟ್ಟ.

ಎಡಗಡೆಯ ಅರ್ಧ ಮೀಸೆ ಬೇಸಿನ್ನಿಗೆ ಬಿತ್ತು.

ಅವನು ಅದನ್ನೇ ನೋಡುತ್ತಾ ನಿಂತ. ಆಮೇಲೆ ಸಮ ಮಾಡಲು ಬಲಗಡೆ ಕತ್ತರಿಸಿದ. ಬಲ ಗಿಡ್ಡವಾಯಿತು. ಎಡ ಸರಿಮಾಡಿದ. ಎಡ ಇನ್ನೂ ಗಿಡ್ಡವಾಯಿತು. ಕೊನೆಗೆ ಮೂಗಿನ ಕೆಳಗೆ ನೊಣ ಕೂತಷ್ಟು ಉಳಿದಾಗ ಕತ್ತಿ ತೆಗೆದುಕೊಂಡು, ಕಣ್ಣು ಮುಚ್ಚಿ, ಅದನ್ನೂ ಎಳೆದು ಹಾಕಿದ. ಕನ್ನಡಿಯಲ್ಲಿ ಯಾರೋ ಅಪರಿಚಿತ ಮುದುಕ ನಿಂತಿದ್ದ. ಮೇಲ್ದುಟಿ ಇಷ್ಟು ತೆಳುವೆಂದು ಅವನಿಗೇ ಗೊತ್ತಿರಲಿಲ್ಲ. ಚಳಿಯಿಲ್ಲದಿದ್ದರೂ ಅಲ್ಲಿ ಚಳಿಯಾಯಿತು. ಬಟ್ಟೆ ಕಳಚಿ ಬೀದಿಯಲ್ಲಿ ನಿಂತವನಂತೆ ಅಂಗೈಯಿಂದ ಬಾಯಿ ಮುಚ್ಚಿಕೊಂಡ.

ನೆಗಡಿಯೆಂದು ಹೇಳಲು ಕರವಸ್ತ್ರ ಸಿದ್ಧವಿಟ್ಟುಕೊಂಡ. ಮೊದಲ ಗಿರಾಕಿ ಬಂದ. "ನಮಸ್ಕಾರ ಮೀಸೆಮಾಮ, ಕಿವಿ ಪಕ್ಕ ಸ್ವಲ್ಪ ಸಣ್ಣ ಮಾಡಿ," ಎಂದು ಪೇಪರ್ ಬಿಡಿಸಿದ. ಎರಡನೆಯವನೂ ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಮೀಸೆಮಾಮ ಕರವಸ್ತ್ರ ಜೇಬಿಗಿಳಿಸಿದ. ಸಂಜೆಯ ಹೊತ್ತಿಗೆ ಬೇಕೆಂದೇ ಮುಖ ಮುಂದೆ ಚಾಚುತ್ತಿದ್ದ. ಮೀಸೆ ಇಲ್ಲದ್ದನ್ನು ಯಾರೂ ಗಮನಿಸಲಿಲ್ಲ. ಮನೆಯಲ್ಲಿ ಹೆಂಡತಿ ಊಟ ಬಡಿಸುತ್ತಾ, "ಏನ್ರೀ, ಇವತ್ತು ಮುಖದಲ್ಲಿ ಏನೋ ಕಳೆ ಇದೆ. ಬಿಸಿಲಿಗೆ ಹೋಗಿರ್ಲಿಲ್ವಾ?" ಎಂದಳು. ಇಷ್ಟು ವರ್ಷ ಮೀಸೆ ಯಾರಿಗಾಗಿ ತಿರುವಿದೆನೋ ಎಂದುಕೊಳ್ಳುತ್ತಾ ಅವನು ಅರ್ಧ ಊಟಕ್ಕೇ ಎದ್ದ.

ಮೂರನೆಯ ದಿನ ಸಂಜೆ ಮಗಳೂ ಹುಡುಗನೂ ಕೆಲಸ ಮುಗಿಸಿ ಅಂಗಡಿಗೆ ಬಂದರು. ಹುಡುಗ ಹೊಸಿಲಲ್ಲೇ ನಿಂತುಬಿಟ್ಟ.

"ಸಾರ್... ತೆಗೆದ್ಬಿಟ್ರಾ?"

ಮೀಸೆಮಾಮನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಹುಡುಗ ಆಗಲೇ ಹೆಲ್ಮೆಟ್ ಬೆಂಚಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತಾಗಿತ್ತು. "ನೀವು ಇಷ್ಟು ದೊಡ್ಡ ಮನಸ್ಸು ಮಾಡ್ತೀರಂತ ಅಂದ್ಕೊಂಡಿರ್ಲಿಲ್ಲ. ನಾನೂ ಮಾತಿಗೆ ತಪ್ಪೋನಲ್ಲ. ಹಾಕಿ ಕತ್ತರಿ."

"ಅಪ್ಪಾ, ನಂಗೋಸ್ಕರ..." ಆಗಷ್ಟೇ ಗಮನಿಸಿದ ಮಗಳ ಕಣ್ಣಲ್ಲಿ ನೀರು.

ಬಯಸಿದ್ದು ಕುರ್ಚಿಗೇ ಬಂದು ಕೂತಿತ್ತು. ಜೊತೆಗೆ ಪುಕ್ಕಟೆಯಾಗಿ ದೊಡ್ಡ ಮನುಷ್ಯನೆಂಬ ಹೆಸರು. ಸುಮ್ಮನಿದ್ದರೆ ಸಾಕಿತ್ತು. ಮೀಸೆಮಾಮ ಬಟ್ಟೆ ಹೊದಿಸಿದ, ಕೂದಲನ್ನು ಒಂದು ಹಿಡಿ ಮಾಡಿ ಹಿಡಿದ. ಅದು ತೂಕವಾಗಿತ್ತು, ಬೆಚ್ಚಗಿತ್ತು. ಕನ್ನಡಿಯಲ್ಲಿ ನೋಡಿದರೆ, ಇಪ್ಪತ್ತು ಮಹಡಿಯ ಲಿಫ್ಟಿನ ಹೊಂಡದೊಳಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವ ಗಂಡು ಕಣ್ಣು ಬಿಗಿಯಾಗಿ ಮುಚ್ಚಿ, ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದು, ತುಟಿ ಕಚ್ಚಿಕೊಂಡಿದ್ದ.

"ಎಷ್ಟು ವರ್ಷದ್ದು ಇದು?" ಎಂದು ಕೇಳಿದ ಮೀಸೆಮಾಮ.

"ಹನ್ನೊಂದು. ಬೇಗ ಮುಗಿಸಿಬಿಡಿ ಸಾರ್."

ಮೀಸೆಮಾಮ ಕತ್ತರಿ ಕೆಳಗಿಟ್ಟ. "ಏಳಯ್ಯಾ ಮೇಲೆ. ಮೀಸೆ ನಾನು ತೆಗೀಲಿಲ್ಲ. ಅದೇ ಹೋಯ್ತು."

"ಅದೇ ಹೋಯ್ತು ಅಂದ್ರೆ?" ಎಂದಳು ಮಗಳು.

"ಕೈ ಜಾರ್ತು. ಎಡಗಡೆ ಜಾಸ್ತಿ ಹೋಯ್ತು. ಬಲಗಡೆ ಸಮ ಮಾಡೋಕ್ಕೋದೆ..."

"ಮೂವತ್ತೆರಡು ವರ್ಷ ಕತ್ತರಿ ಹಿಡಿದೋರಿಗೆ ಕೈ ಜಾರ್ತಾ?" ಹುಡುಗ ಕಣ್ಣು ಬಿಟ್ಟ.

"ಎಲ್ಲಾ ನಿನ್ನಿಂದ್ಲೇ! ನಿಂಗೆ ಬುದ್ಧಿ ಹೇಳೋಕೆ ಕನ್ನಡಿ ಮುಂದೆ ಅಭ್ಯಾಸ ಮಾಡ್ತಿದ್ದೆ ಕಣಯ್ಯಾ!"

ಹುಡುಗ ನಕ್ಕ ನಗುವಿಗೆ ಕುರ್ಚಿಯೇ ಕಿರುಗುಟ್ಟಿತು. ಮಗಳು ಬೆಂಚಿನ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡಳು. ಸ್ವಲ್ಪ ಹೊತ್ತು ಗಂಭೀರವಾಗಿರಲು ಹೆಣಗಿದ ಮೀಸೆಮಾಮನಿಗೂ ನಗು ತಡೆಯಲಾಗಲಿಲ್ಲ. ಮುಚ್ಚಿಡಲು ಮೀಸೆಯೂ ಇರಲಿಲ್ಲ.

"ಹೇಗೂ ಕೂತಿದ್ದೀನಿ," ಎಂದ ಹುಡುಗ ಕಣ್ಣೊರೆಸಿಕೊಂಡು. "ತುದಿ ಸೀಳಿದೆ. ಒಂದಿಂಚು ತೆಗೀರಿ, ಮಾವ."

ಮೀಸೆಮಾಮ ನೆತ್ತಿಯಿಂದ ಬಾಚಣಿಗೆ ಎಳೆದ. ಹುಡುಗ ಚೀರಿದ. ಮಗಳು ಎದ್ದು ಬಂದಳು. "ಮೇಲಿಂದ ಅಲ್ಲಪ್ಪಾ! ಕೆಳಗಿಂದ ಸಿಕ್ಕು ಬಿಡಿಸ್ಕೊಂಡು ಮೇಲಕ್ಕೆ ಹೋಗ್ಬೇಕು," ಎಂದು ತೋರಿಸಿಕೊಟ್ಟಳು. ಇಡೀ ತಲೆಯನ್ನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದವನಿಗೆ ಆ ಒಂದಿಂಚಿಗೆ ಮುಕ್ಕಾಲು ಗಂಟೆ ಹಿಡಿಯಿತು.

ಎರಡು ತಿಂಗಳ ನಂತರ ನೋಂದಣಿ ಕಚೇರಿಯಲ್ಲಿ ಮದುವೆಯಾಯಿತು. ಅಷ್ಟರಲ್ಲಿ ಮೀಸೆ ಅರ್ಧ ಬಂದಿತ್ತು, ಬಂದದ್ದೆಲ್ಲ ಬಿಳಿ. ಗುಮಾಸ್ತ ಕಾಗದದಿಂದ ಕಣ್ಣು ಮೇಲೆತ್ತದೆ, ಎದುರಿಗೆ ಇಳಿಬಿದ್ದಿದ್ದ ಕೂದಲಿನತ್ತ ಪೆನ್ನು ಚಾಚಿ, "ಇಲ್ಲಿ ಸಹಿ ಹಾಕಮ್ಮಾ," ಎಂದ.

ಹುಡುಗ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಮೀಸೆಮಾಮ ಗುಡುಗಿದ. "ರೀ ಸ್ವಾಮಿ, ಸ್ವಲ್ಪ ತಲೆ ಎತ್ತಿ ನೋಡ್ರೀ! ಗಂಡಸು ಕಾಣಲ್ವಾ?"