ಲಕ್ಷ ಬತ್ತಿಯ ಜಿದ್ದು

ಲಕ್ಷ್ಮೇಶ್ವರದ ಯಮುನಾಬಾಯಿ ಎಪ್ಪತ್ತೇಳನೇ ಇಸವಿಯ ದೀಪಾವಳಿಗೆ ಲಕ್ಷ ಬತ್ತಿಯ ನೇಮ ಹಿಡಿದಾಗ ಪಕ್ಕದ ಮನೆಯ ಅಂಬುಬಾಯಿ ನಕ್ಕಿದ್ದಳು. ಲಕ್ಷ ಬತ್ತಿ ತಾನೇ ಹೊಸೆದು ಮುಂದಿನ ಕಾರ್ತಿಕಕ್ಕೆ ಗುಡಿಯಲ್ಲಿ ಉರಿಸುವುದೆಂದರೆ ಹುಡುಗಾಟವೇ? ಆದರೆ ಯುಗಾದಿಯ ಹೊತ್ತಿಗೆ ಯಮುನಾಬಾಯಿಯ ಡಬ್ಬಿಗಳು ತುಂಬತೊಡಗಿದವು, ಓಣಿಯ ಹೆಂಗಸರು ಹೊಗಳತೊಡಗಿದರು. ಅಂಬುಬಾಯಿಯ ಹೊಟ್ಟೆಗೆ ಬೆಂಕಿ ಬಿತ್ತು. ಅದೇ ಕಾರ್ತಿಕಕ್ಕೆ, ಅವಳಿಗಿಂತ ಮೊದಲು ತನ್ನ ಬತ್ತಿ ಉರಿಯಬೇಕೆಂದು ತಾನೂ ಹಟ ಹಿಡಿದಳು.

ಯಮುನಾಬಾಯಿ ಊಟವಾದ ಮೇಲೆ ಒಂದು ಹಿಡಿ ಅರಳೆ ಹಿಡಿದು ಕೂರುವಳು. ಹಾಲಲ್ಲಿ ಬೆರಳದ್ದಿ ಹೊಸೆದು, ಬತ್ತಿಗಳನ್ನು ಮೊರದಲ್ಲಿ ಆರಲು ಹರವಿ ಮಲಗಿಬಿಡುವಳು. ಗೊರಕೆ ಗೋಡೆ ದಾಟಿ ಬರುತ್ತಿತ್ತು.

"ಗೊರಕಿ ಕೇಳ್ರಿ! ಲಕ್ಷ ಬತ್ತಿ ಮುಗಿಸಿದವರ ಹಾಂಗ!" ಎಂದಳು ಅಂಬುಬಾಯಿ, ಗಂಡ ಅನಂತ ಮಾಸ್ತರರಿಗೆ.

"ನಿನ್ನ ಜಿದ್ದು ದೇವರ ಸಲುವಾಗಿನೋ, ಯಮುನಾಬಾಯಿ ಸಲುವಾಗಿನೋ?" ಎಂದರು ಅವರು, ಸೀದುಹೋದ ಜೋಳದ ಭಕ್ಕರಿ ಮುರಿಯುತ್ತ.

ಆತುರಗಾರನಿಗೆ ಬುದ್ಧಿ ಮಟ್ಟ. ಹೆಬ್ಬೆರಳ ಚರ್ಮ ಸುಲಿದರೂ ಅಂಬುಬಾಯಿ ಬಿಡಲಿಲ್ಲ. ಹರವಿ ಆರಿಸುವಷ್ಟು ತಾಳ್ಮೆ ಯಾರಿಗಿತ್ತು? ಮಳೆಗಾಲವೆಲ್ಲ ಹಸಿ ಬತ್ತಿಗಳನ್ನೇ ಡಬ್ಬಿಗೆ ಒತ್ತಿ ಒತ್ತಿ ತುಂಬಿದಳು.

ಕಾರ್ತಿಕದಲ್ಲಿ ಮುಚ್ಚಳ ತೆಗೆದರೆ ಹುಳಿ ನಾತ. ಡಬ್ಬಿ ಡಬ್ಬಿಗೂ ಕಪ್ಪು ಬೂಷ್ಟು. ಗುಡಿಗೆ ಕರೆಯಲು ಬಂದ ಯಮುನಾಬಾಯಿ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕಂಡಳು.

"ಇರ್ಲಿ ಬಿಡ್ರಿ ವೈನಿ. ನಾಳಿಂದ ನಮ್ಮನಿಗೆ ಬರ್ರಿ. ಇಬ್ಬರೂ ಕೂಡಿ ಮತ್ತ ಸುರು ಮಾಡೋಣು."

ಬೈದಿದ್ದರೆ ಅಂಬುಬಾಯಿ ತಡೆದುಕೊಳ್ಳುತ್ತಿದ್ದಳು. ಈ ಕನಿಕರ ಮೈಯೆಲ್ಲ ಸುಟ್ಟಿತು. ಅಂದು ಸಂಜೆ ಯಮುನಾಬಾಯಿಯ ದೀಪಗಳ ಮುಂದೆ ಎಲ್ಲರೊಂದಿಗೆ ಕೈಮುಗಿದು, ಹಲ್ಲು ಕಚ್ಚಿಕೊಂಡು ನಕ್ಕಳು.

ಮರುದಿನ ಮಧ್ಯಾಹ್ನ ಹೋದಳು, ಹೋಗದಿದ್ದರೆ ಸೋತೆನೆಂದು ಓಣಿ ಆಡಿಕೊಳ್ಳುತ್ತದಲ್ಲ! ಒಂದು ಹಿಡಿ ಮುಗಿದದ್ದೇ ಇನ್ನೊಂದು ಹಿಡಿಗೆ ಕೈ ಚಾಚಿದಳು. ಯಮುನಾಬಾಯಿ ಅರಳೆಯ ಬುಟ್ಟಿಯನ್ನು ಆಚೆ ಸರಿಸಿದಳು.

"ಇವತ್ತಿಗೆ ಸಾಕ್ರಿ."

ಚಾಪೆಯ ಮೇಲೆ ತಲೆಯಿಟ್ಟಳೋ ಇಲ್ಲವೋ, ನಿದ್ದೆ ಹೋದಳು. ಅಂಬುಬಾಯಿ ಆ ಮುಖವನ್ನೇ ನೋಡಿದಳು. ನಿನ್ನೆ ಗುಡಿಯಲ್ಲಿ ಉರಿಯದಷ್ಟು ಹೊಟ್ಟೆ ಈಗ ಉರಿಯಿತು. ಬತ್ತಿ ಹೊಸೆಯಲು ತನಗೂ ಬರುತ್ತಿತ್ತು, ಹೀಗೆ ಮಲಗಲು ಬರುತ್ತಿರಲಿಲ್ಲ. ಗೊಣಗುತ್ತ ಪಕ್ಕದಲ್ಲೇ ಅಡ್ಡಾಗಿ, ಬೆರಳುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ನಿದ್ದೆ ಬರಲಿಲ್ಲ. ಆದರೂ ಏಳಲಿಲ್ಲ.