ಹಸಿರನ್ನು ನಂಬದ ಬೇರಕ್ಕ

ಹಸಿರು ಕಂಡರೆ ಊರವರ ಕಣ್ಣು ತಂಪಾಗುತ್ತಿತ್ತು, ಬೇರಕ್ಕನ ಹುಬ್ಬು ಮಾತ್ರ ಗಂಟಾಗುತ್ತಿತ್ತು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದ ಅವಳು ಬುಡ ಮುಟ್ಟಿ ನೋಡದೆ ಯಾವ ಗಿಡವನ್ನೂ ಹೊಗಳಿದವಳಲ್ಲ. ವಿದ್ಯಾರ್ಥಿಗಳು ಇಟ್ಟ 'ಬೇರಕ್ಕ' ಎಂಬ ಅಡ್ಡಹೆಸರೇ ಕೊನೆಗೆ ನಿಂತಿತು. ಮೊಣಕಾಲುದ್ದದ ರಬ್ಬರ್ ಬೂಟು, ಕೆಸರು ಒಣಗಿ ಜೇಬು ಬಿರುಸಾದ ಹಳೆಯ ಕೋಟು, ಹಿಮ್ಮಡಿಯಿಂದ ನೆಲವನ್ನು ತಟ್ಟಿ ಕೇಳಿ ಆಮೇಲೆ ಮೈಭಾರ ಬಿಡುವ ನಡಿಗೆ. ತನ್ನ ಮನೆಯ ಪಡಸಾಲೆಯಲ್ಲೂ ಅವಳು ಹಾಗೆಯೇ ನಡೆಯುತ್ತಿದ್ದಳು.

ಅವಳ ತಮ್ಮ ದೋಣಿ ರಿಪೇರಿಯವನು. ಸಮುದ್ರದ ನೀರು ಏರಿಳಿಯುವ ಅಳಿವೆಯ ದಂಡೆಯಂಚಿಗೇ ಅವನ ಶೆಡ್ಡು. ಹೊಲಗಳ ಗೊಬ್ಬರವೂ ಪಟ್ಟಣದ ಚರಂಡಿಯೂ ಅಳಿವೆಗೆ ಬಂದು ಸೇರತೊಡಗಿದ ಮೇಲೆ ದಂಡೆಯ ಜವುಗುಹುಲ್ಲು ಎದೆಯೆತ್ತರ ಬೆಳೆದು ತೊನೆಯುತ್ತಿತ್ತು.

"ಕೋಟೆ ಕಣಕ್ಕಾ ಇದು. ಯಾವ ನೀರು ದಾಟಿ ಬರುತ್ತೆ?" ಎಂದು ತಮ್ಮ ಬೀಗಿದ.

ಅವಳು ಬಗ್ಗಿ ಒಂದು ಹಿಡಿ ಹುಲ್ಲು ಎಳೆದಳು. ಬಾಚಣಿಗೆಗೆ ಕೂದಲು ಬಂದಂತೆ ಬಂತು. ಬೇರು ಬೆರಳುದ್ದವೂ ಇರಲಿಲ್ಲ.

"ತುತ್ತು ಬಾಯಿಗೇ ಬಂದು ಬೀಳ್ತಿದ್ರೆ ಬೇರು ಯಾಕೋ ಕಷ್ಟಪಟ್ಟು ಕೆಳಗಿಳಿಯುತ್ತೆ? ಮಣ್ಣನ್ನ ಹಿಡ್ಕೊಂಡಿರೋರು ಯಾರೀಗ? ಹುಣ್ಣಿಮೆ ಉಬ್ಬರಕ್ಕೆ ಮುಂಚೆ ಶೆಡ್ಡು ಖಾಲಿ ಮಾಡು."

"ಮೊಸರಲ್ಲಿ ಕಲ್ಲು ಹುಡುಕೋದೇ ಆಯ್ತು ನಿಂದು."

ಹುಣ್ಣಿಮೆಯ ಬೆಳಗ್ಗೆ ಅವಳೇ ಬಂದು, ಮಾತಿಲ್ಲದೆ ಉಳಿ, ಸುತ್ತಿಗೆ, ಗರಗಸಗಳನ್ನು ಹೊರಗೆ ದೂರಕ್ಕೆ ಒಯ್ದಿಟ್ಟಳು. ಅವನು ಒಳಗೆ ತಂದ. ಅವಳು ಮತ್ತೆ ಒಯ್ದಳು. ಈ ಮೂಕಜಗಳದ ನಡುವೆಯೇ ನೀರು ಹುಲ್ಲಿನ ಕುತ್ತಿಗೆಗೇರಿ, ಶೆಡ್ಡಿನ ಹೊಸ್ತಿಲು ನೆಕ್ಕಿ, ಸ್ವಲ್ಪ ಹೊತ್ತು ನಿಂತು, ಇಳಿಯತೊಡಗಿತು.

"ಮುಗೀತಾ ಅಕ್ಕಾ ನಿನ್ನ ಪ್ರಳಯ?" ತಮ್ಮ ನಗುತ್ತ ಒಳಗೆ ನಡೆದ.

"ಬಂದ ನೀರು ದಂಡೇನ ಒತ್ತಿ ಹಿಡಿದಿರುತ್ತೆ ಕಣೋ. ಕುಸಿಯೋದು ನೀರು ಹೋಗೋವಾಗ," ಎಂದ ಅವಳ ಕಣ್ಣು ನೆಲದ ಮೇಲಿತ್ತು. ಹೊಸ್ತಿಲ ಮುಂದಿನ ಒದ್ದೆಮಣ್ಣಿನಲ್ಲಿ ದಾರದಷ್ಟು ತೆಳ್ಳನೆಯ ಬಿರುಕೊಂದು ಮೂಡಿ, ನೋಡುತ್ತಿದ್ದಂತೆ ಹಗ್ಗದಷ್ಟಾಯಿತು. ಹುಲ್ಲು ಕೀಳುವ ಆ ಕೈಯಿಂದಲೇ ಅವಳು ತಮ್ಮನ ಕಾಲರು ಹಿಡಿದು ಈಚೆಗೆಳೆದಳು. ಅರೆರಿಪೇರಿಯಾದ ದೋಣಿಯ ಸಮೇತ ಶೆಡ್ಡು ಅಳಿವೆಗೆ ಜಾರಿತು. ಹುಲ್ಲು ಮಾತ್ರ ನಿಂತಂತೆಯೇ, ಹಸಿರಾಗಿಯೇ, ಜಾರಿ ಹೋಯಿತು.

ತಮ್ಮ ಕೆಸರಲ್ಲಿ ಕೂತಿದ್ದ. "ಹೇಳಿದ್ದೆನಲ್ಲ" ಎಂಬ ಮಾತು ಅವಳಿಂದ ಬರಲಿಲ್ಲ. "ಏಳು, ಇಲ್ಲೂ ನೆಲ ಗಟ್ಟಿಯಿಲ್ಲ," ಎಂದಳು.

ನಮ್ಮ ಸಮೃದ್ಧಿಯ ಹೊತ್ತಿನಲ್ಲಿ ಬುಡಕ್ಕೆ ಕೈ ಹಾಕುವ ಇಂಥವರನ್ನು ಅಪಶಕುನವೆಂದು ದೂರವಿಡುತ್ತೇವೆ. ದೇವರು ಕಾಯುತ್ತಾನೆಂಬುದನ್ನು ನಾನು ನಂಬಿದವಳು. ಆದರೆ ಕಾಯುವಾಗ ಅವನು ಕೈ ಚಾಚುವುದು, ಬಹಳ ಸಲ, ಇಂಥ ಕಿರಿಕಿರಿಯ ಮನುಷ್ಯರ ಕೆಸರುಮೆತ್ತಿದ ತೋಳಿನೊಳಗಿಂದಲೇ.