ಕುರಿ ಮುಟ್ಟದ ಬೇಲಿ

“ಇಳಸಬ್ಯಾಡ್ರಿ, ನಿಲ್ಲಸ್ರಿ!” ಎನ್ನುತ್ತ ದೀಪಾ ಓಡಿ ಬರುವಷ್ಟರಲ್ಲಿ ಟೆಂಪೊದಿಂದ ಅರ್ಧಕ್ಕಿಂತ ಹೆಚ್ಚು ಸಸಿಗಳು ಇಳಿದಾಗಿತ್ತು. ಕಪ್ಪು ಚೀಲಗಳಲ್ಲಿ ಮೊಣಕಾಲೆತ್ತರದ ಕಣಗಿಲೆ. ಅವಳು ಬರೆದುಕೊಟ್ಟಿದ್ದು ಕುರಿ ತಿನ್ನದ, ವಿಷವೂ ಅಲ್ಲದ ಆಡುಸೋಗೆ.

ಹುಕ್ಕೇರಿಯಿಂದ ಸಂಕೇಶ್ವರಕ್ಕೆ ಹೋಗುವ ರಸ್ತೆಯ ಆ ಹೊಸ ಬಡಾವಣೆಯಲ್ಲಿ ಗಿಡಮರಗಳ ಉಸ್ತುವಾರಿ ಅವಳದು. ತೋಟಗಾರಿಕೆ ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ಕೆಲಸ. ಕಾಂಪೌಂಡಿನ ಹೊರಗೆ, ಗೋಡೆಯ ಉದ್ದಕ್ಕೂ, ವರ್ಷವಿಡೀ ಹಸಿರಾಗಿರುವ ಬೇಲಿ ಬೇಕೆಂದು ಮಾಲೀಕ ಅಣ್ಣಾಸಾಹೇಬರು ಹೇಳಿದ್ದರು. ಹೋದ ಮಳೆಗಾಲದಲ್ಲಿ ಅವಳು ನೆಡಿಸಿದ್ದ ದಾಸವಾಳ ಚಿಗುರಿದ ವಾರದಲ್ಲೇ ಕುರಿಗಳ ಪಾಲಾಯಿತು. ಗೋಡೆಗೆ ಹೊಂದಿದ ದಾರಿಯಲ್ಲೇ ದಿನವೂ ಹೊಳೆಗೆ ಹೋಗುವ ಆ ಕುರಿಗಳು ಅವಳ ಕಾಕಾ ಮಾಲಿಂಗನವು. ಅದಕ್ಕಾಗಿ ದೀಪಾ ಮಾಲೀಕರಿಂದ ಬೈಸಿಕೊಂಡಿದ್ದಳು.

ಅಣ್ಣಾಸಾಹೇಬರು ಕಾರಿನಿಂದ ಇಳಿದು ಬಂದರು. “ಕಣಗಲಕ್ಕ ಏನಾಗೇತಿ? ಹನ್ನೆರಡೂ ತಿಂಗಳು ಹಸರ, ಹೂವೂ ಬಿಡತೈತಿ. ಕುರಿ ಮುಟ್ಟೂದಿಲ್ಲ.”

“ದೊಡ್ಡ ಕುರಿ ಮುಟ್ಟೂದಿಲ್ರಿ ಸಾವ್ಕಾರ್ರ. ಬ್ಯಾಸಗ್ಯಾಗ ಹಸದ ಮರಿ ಬಾಯಿ ಹಾಕತಾವ. ನಾಕ ಎಲಿ ತಿಂದ್ರ ಉಳಿಯೂದಿಲ್ಲ.”

“ಹಂಗಾದ್ರ ದಾರಿ ಬದಲಿ ಮಾಡಾಕ ನಿಮ್ಮ ಕಾಕಾಗ ಹೇಳು. ಆಡುಸೋಗಿ ಅಂದ್ರ ಹೊಲದ ಒಡ್ಡಿನ ಗಿಡ. ಅದನ್ನ ನೋಡಿ ಯಾರ ಪ್ಲಾಟ್ ತಗೋತಾರ?”

ಸಂಜೆ ಕಾಕಾನ ಹಟ್ಟಿಗೆ ಹೋದಳು. ಮಾಲಿಂಗ ಕುಂಟುವ ಕುರಿಯೊಂದರ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ.

“ಆ ದಾರಿ ನಿಮ್ಮ ಸಾವ್ಕಾರನ ಗ್ವಾಡಿಗಿಂತ ಹಳೇದು,” ಎಂದ ತಲೆಯೆತ್ತದೆ. “ಎರಡೂ ಬಾಜೂ ಕಬ್ಬು. ಅದನ್ನ ಬಿಟ್ರ ಹೊಳಿಗಿ ಹೆಂಗ ಹೋಗಲಿ? ನಿನಗ ಸಾಲಿ ಕಲಿಸಿದ್ದು ಕುರಿ ದಾರ್ಯಾಗ ವಿಷದ ಗಿಡಾ ಹಚ್ಚಾಕೇನವ್ವಾ?”

“ನಾ ಎಲ್ಲಿ ಹಚ್ಚಾಕತ್ತೇನಿ ಕಾಕಾ!” ಎಂದಳು. ಅಲ್ಲಿ ಇವರ ಮನೆಯವಳೆಂದು ಬೈಸಿಕೊಳ್ಳಬೇಕು, ಇಲ್ಲಿ ಅವರ ಕೆಲಸದವಳೆಂದು.

ಮರುದಿನ ಯಾರನ್ನೂ ಕೇಳದೆ ಕಣಗಿಲೆಯನ್ನೆಲ್ಲ ಗೋಡೆಯ ಒಳಮಗ್ಗುಲಿಗೆ ನೆಡಿಸಿದಳು. ಕಾಕಾನ ಹೊಲದ ಒಡ್ಡಿನಿಂದ ಎರಡು ಚೀಲ ಆಡುಸೋಗೆ ಕಡ್ಡಿ ಕಡಿದು ತಂದು, ಎರಡೆರಡು ಗಿಣ್ಣು ಮಣ್ಣೊಳಗಿರುವಂತೆ ಹೊರಗೆ ತಾನೇ ಊರಿದಳು.

“ಸಾವ್ಕಾರ್ರು ಕೇಳಿದ್ರ?” ಕೂಲಿಯಾಳುಗಳಲ್ಲಿ ಹಿರಿಯಳಾದ ಗೌರವ್ವ ಅಳುಕಿದಳು.

“ನಾ ಹೇಳೇನಿ ಅಂತ ಹೇಳ.”

ಅಣ್ಣಾಸಾಹೇಬರು ಎಲ್ಲರೆದುರೇ ಬೈದರು. ಒಳಗಿನ ಕಣಗಿಲೆ ಪ್ಲಾಟ್ ನೋಡಲು ಬಂದವರಿಗೆ ಹಿಡಿಸಿದ್ದರಿಂದ ಕೆಲಸ ಉಳಿಯಿತು. ಹೊರಗಿನ ‘ಕಡ್ಡಿ’ಗಳು ಬೇಲಿಯಾಗದಿದ್ದರೆ ಕಿತ್ತು ಹಾಕುವುದೆಂದು ದೀಪಾವಳಿಯವರೆಗೆ ಗಡುವು. ಮಳೆಗಾಲದ ನೀರು ಕುಡಿದು ಅಷ್ಟರೊಳಗೆ ಅವು ಸೊಂಟದೆತ್ತರ ಬೆಳೆದವು. ಕುರಿಗಳು ಮೂಸಿ ಮುಂದೆ ಹೋದವು. ಶಹಬ್ಬಾಸ್ ಎಂದವರು ಯಾರೂ ಇಲ್ಲ. “ಬಾಯಿ ಹಾಕೂವಂಥಾದ್ದು ಏನರ ಹಚ್ಚಬಾರದಿತ್ತೇನ?” ಎಂದು ಕಾಕಾನೇ ಗೊಣಗಿದ.

ಬೇಸಿಗೆಯಲ್ಲಿ, ದೀಪಾ ರಜೆಯಲ್ಲಿದ್ದ ಭಾನುವಾರ, ಅಣ್ಣಾಸಾಹೇಬರು ಬೇರೆ ಆಳುಗಳಿಂದ ಕಣಗಿಲೆಯ ಟೊಂಗೆ ಕಡಿಸಿದರು. ಸೋಮವಾರ ಬೆಳಿಗ್ಗೆ ಬಂದವಳಿಗೆ ಕಂಡದ್ದು, ಗೋಡೆಯಾಚೆ ಕುರಿದಾರಿಯ ಮೇಲೆ ಎಸೆದ ಕಣಗಿಲೆಯ ಟೊಂಗೆಗಳು. ಅಣ್ಣಾಸಾಹೇಬರಿಗೆ ಫೋನ್ ಮಾಡಿದಳು.

“ಒಣಗಿದ ಕಸಕ್ಕ ಯಾಕ ಇಷ್ಟ ಒದರಾಡ್ತಿ?” ಎಂದರು.

“ಬಾಡಿದ ಮ್ಯಾಲ ಕಹಿ ಗೊತ್ತಾಗೂದಿಲ್ರಿ, ತಿಂತಾವ—”

ಅತ್ತ ಫೋನ್ ಇಟ್ಟಾಗಿತ್ತು. ಕಾಕಾನಿಗೆ ಮಾಡಿದಳು, ಕರೆ ಸಿಗಲಿಲ್ಲ.

ಗೌರವ್ವನೂ ಅವಳೂ ಸೇರಿ ಟೊಂಗೆಗಳನ್ನು ಒಳಗೆಳೆದು ಹಾಕಿದರು. ಉದುರಿದ ಎಲೆಗಳು ಮಾತ್ರ ದಾರಿಯ ತುಂಬ, ಆಡುಸೋಗೆಯ ಬುಡದ ತುಂಬ ಹಾಗೇ ಉಳಿದವು.

“ಇಷ್ಟೂ ಎಲಿ ಆರಸಾಕ ಆಗತೈತೇನ್ರಿ?” ಗೌರವ್ವ ಸೊಂಟ ಹಿಡಿದು ನಿಂತಳು.

ದೂರದ ಕಬ್ಬಿನ ತಿರುವಿನಲ್ಲಿ ಧೂಳೆದ್ದಿತ್ತು. ಮರಿಗಳ ಕೂಗು ಸಣ್ಣಗೆ ಕೇಳುತ್ತಿತ್ತು. ದೀಪಾ ಗೊಬ್ಬರದ ಖಾಲಿ ಚೀಲ ಹಾಸಿಕೊಂಡು ಮೊಣಕಾಲೂರಿ, ಗಿಡಗಳ ನಡುವೆ ಕೈ ತೂರಿಸಿ, ಒಂದೊಂದೇ ಎಲೆ ಹೆಕ್ಕತೊಡಗಿದಳು.